ಕಾಫಿ ಹಣ್ಣು ತೇಲಿಸಿ ನೋಡುವುದು: ನನ್ನ ಅನುಭವ

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆ ನಮ್ಮದು ಸಣ್ಣ ಅರೇಬಿಕಾ ತೋಟ. ಕುಯ್ಲು ಶುರುವಾದ ಮೇಲೆ ದಿನಾ ಸಂಜೆ ಹಣ್ಣಿನ ಚೀಲಗಳು ಕಣಕ್ಕೆ ಬರುತ್ತವೆ. ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ) ಹಾಕುವ ಮೊದಲು ಅಷ್ಟನ್ನೂ ನೀರಿಗೆ ಸುರಿಯುತ್ತೇನೆ. ಗಟ್ಟಿ ಹಣ್ಣು ತಳ ಸೇರುತ್ತದೆ, ಜೊಳ್ಳು ಮೇಲೆ ಬರುತ್ತದೆ. ದೊಡ್ಡ ಎಸ್ಟೇಟುಗಳಲ್ಲಿ ಇದಕ್ಕೆ ಸೈಫನ್ ಟ್ಯಾಂಕ್ ಇರುತ್ತದೆ. ಅದರಲ್ಲಿ ಕಲ್ಲು ತಳದಲ್ಲೇ ಉಳಿಯುತ್ತದೆ, ಒಳ್ಳೆ ಹಣ್ಣು ಪೈಪಿನಲ್ಲಿ ಪಲ್ಪರ್ ಕಡೆ ಹೋಗುತ್ತದೆ, ತೇಲಿದ್ದು ಬೇರೆ ದಾರಿಯಲ್ಲಿ ಹೊರಗೆ ಬೀಳುತ್ತದೆ. ನಮ್ಮಂಥ ಸಣ್ಣ ಬೆಳೆಗಾರರಿಗೆ 200 ಲೀಟರಿನ ಡ್ರಮ್ಮು, ಒಂದು ಕೋಲು, ಒಂದು ಬುಟ್ಟಿ ಸಾಕು.

ಯಾಕೆ ತೇಲುತ್ತೆ ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ, ಹಗುರ ಇದ್ದದ್ದು ತೇಲುತ್ತೆ ಅಂತ. ಡ್ರಮ್ಮಿನ ಪಕ್ಕ ಸ್ವಲ್ಪ ಹೊತ್ತು ನಿಂತರೆ ಈ ಉತ್ತರ ಸಾಲದು ಅನ್ನಿಸುತ್ತದೆ. ದಪ್ಪಗೆ, ಕೆಂಪಗೆ ಇರುವ ಹಣ್ಣೊಂದು ಮೇಲೆ ತೇಲುತ್ತಿರುತ್ತದೆ, ಅದರ ಅರ್ಧದಷ್ಟೂ ಇಲ್ಲದ ಪುಟ್ಟ ಹಣ್ಣು ಸೀದಾ ತಳಕ್ಕೆ ಹೋಗುತ್ತದೆ. ತಕ್ಕಡಿಗೆ ಹಾಕಿದರೆ ತೇಲಿದ್ದೇ ಜಾಸ್ತಿ ತೂಗುತ್ತದೆ! ಇಬ್ಬರು ಸೇರಿದರೂ ಎತ್ತಲಾಗದ ಒಣಗಿದ ಸಿಲ್ವರ್ ಓಕ್ ಮರದ ದಿಮ್ಮಿ ಕೆರೆಯಲ್ಲಿ ತೇಲುತ್ತದೆ, ಜೇಬಿನಲ್ಲಿರುವ ಮೊಳೆ ಮುಳುಗುತ್ತದೆ.

ಅಂದರೆ ಬರೀ ತೂಕ ನೋಡಿದರೆ ಆಗುವುದಿಲ್ಲ, ಆ ತೂಕ ಎಷ್ಟು ಜಾಗದಲ್ಲಿ ಹರಡಿದೆ ಅಂತಲೂ ನೋಡಬೇಕು. ಹಣ್ಣು ನೀರಿಗೆ ಇಳಿದಾಗ ತನ್ನ ಗಾತ್ರದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಹಾಗೆ ಸರಿದ ನೀರಿನ ತೂಕ ಎಷ್ಟೋ ಅಷ್ಟೇ ಬಲದಿಂದ ಸುತ್ತಲಿನ ನೀರು ಹಣ್ಣನ್ನು ಮೇಲಕ್ಕೆ ನೂಕುತ್ತದೆ. ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಜಾಸ್ತಿ, ಹಾಗಾಗಿ ಹಣ್ಣಿನ ತಲೆಯನ್ನು ಒತ್ತುವುದಕ್ಕಿಂತ ಅದರ ಬುಡವನ್ನು ಒತ್ತುವುದು ಒಂಚೂರು ಹೆಚ್ಚು. ಖಾಲಿ ಕೊಡವನ್ನು ನೀರಿಗೆ ಅದುಮಿ ನೋಡಿ, ಆ ನೂಕು ಕೈಗೇ ತಿಳಿಯುತ್ತದೆ. ಸಿರಾಕ್ಯೂಸಿನ ಆರ್ಕಿಮಿಡೀಸ್ ಸುಮಾರು 2,200 ವರ್ಷದ ಹಿಂದೆ ಹೇಳಿದ್ದು ಇದನ್ನೇ. ಲೆಕ್ಕವೂ ಸುಲಭ. 1 ಲೀಟರ್ ನೀರು 1 ಕೆಜಿ. 1 ಲೀಟರಿನಷ್ಟು ಜಾಗ ಹಿಡಿಯುವ ವಸ್ತು 1 ಕೆಜಿಗಿಂತ ಜಾಸ್ತಿ ತೂಗಿದರೆ ಮುಳುಗುತ್ತದೆ, ಕಮ್ಮಿ ತೂಗಿದರೆ ತೇಲುತ್ತದೆ.

ಕಾಫಿ ಹಣ್ಣು ಈ ಗೆರೆಯ ಹತ್ತಿರವೇ ಇರುವುದರಿಂದ ನಮ್ಮ ಕೆಲಸ ನಡೆಯುತ್ತದೆ. ತುಂಬಿದ ಹಣ್ಣು ನೀರಿಗಿಂತ ಸ್ವಲ್ಪವೇ ಸ್ವಲ್ಪ ಹೆಚ್ಚು ತೂಗುತ್ತದೆ, ಒಳಗೆ ಒಂಚೂರು ಗಾಳಿ ಸೇರಿದರೂ ಮೇಲೆ ಬಂದುಬಿಡುತ್ತದೆ. ಇದನ್ನು ಮಗಳಿಗೆ ತೋರಿಸಬೇಕು ಅಂತ ಒಂದು ಬಕೆಟ್ಟಿನಲ್ಲಿ ಮುಳುಗಿದ ಹಣ್ಣನ್ನೇ ಹಾಕಿ, ಕಲ್ಲುಪ್ಪು ಹಾಕಿ ಕಲಕುತ್ತಾ ಹೋದೆ. ಮೊದಲು ಏನೂ ಆಗಲಿಲ್ಲ. ಉಪ್ಪು ಜಾಸ್ತಿಯಾದ ಹಾಗೆ ಒಂದೊಂದೇ ಹಣ್ಣು ಅಲ್ಲಾಡಿ ತಳ ಬಿಟ್ಟಿತು, ಆಮೇಲೆ ಎಲ್ಲವೂ ಮೇಲೆ ಬಂದವು. ಹಣ್ಣು ಬದಲಾಗಲಿಲ್ಲ, ನೀರು ಭಾರವಾಯಿತು ಅಷ್ಟೇ. ಭತ್ತದ ಬಿತ್ತನೆ ಬೀಜವನ್ನು ಉಪ್ಪು ನೀರಿನಲ್ಲಿ ಹಾಕಿ ಆರಿಸುವುದೂ ಇದಕ್ಕೇ. ಬರೀ ನೀರಿನಲ್ಲಿ ಮುಳುಗುವ ಅರೆಜೊಳ್ಳು ಉಪ್ಪು ನೀರಿನಲ್ಲಿ ಸಿಕ್ಕಿಬೀಳುತ್ತದೆ. ಕಾಫಿಗೆ ಮಾತ್ರ ಸಾದಾ ನೀರೇ ಸರಿ.

ತೇಲಿದ ಹಣ್ಣನ್ನು ಬ್ಲೇಡಿನಲ್ಲಿ ಅಡ್ಡಕ್ಕೆ ಕೊಯ್ದು ನೋಡುವುದು ನನ್ನ ಅಭ್ಯಾಸ. ಕಾಫಿ ಮಾಡುವ ಎಲ್ಲರಿಗೂ ಹೇಳುತ್ತೇನೆ, ದಯವಿಟ್ಟು ಇದನ್ನು ಮಾಡಿ, ಅದರಷ್ಟು ವಿಷಯ ಹೇಳುವುದು ಬೇರೆ ಯಾವುದೂ ಇಲ್ಲ. ಹಣ್ಣಿನೊಳಗೆ ಎರಡು ಕೋಣೆ. ಒಂದರಲ್ಲಿ ಬಿಳಿಚಿದ ಹಸಿರು ಬಣ್ಣದ ಬೀಜ ಗಟ್ಟಿಯಾಗಿ ಕೂತಿರುತ್ತದೆ, ಇನ್ನೊಂದರಲ್ಲಿ ಕಪ್ಪಗೆ ಸುರುಟಿದ ಸಿಪ್ಪೆಯಂಥದ್ದು, ಸುತ್ತ ಖಾಲಿ. ಆ ಖಾಲಿ ಜಾಗವೇ ಹಣ್ಣನ್ನು ತೇಲಿಸಿದ್ದು. ಹೊರಗಿನಿಂದ ನೋಡಿದರೆ ಇದೂ ಚೆಂದದ ಹಣ್ಣೇ! ಪೀಬೆರಿ ಹಾಗಲ್ಲ. ಒಂದೇ ಬೀಜ ದುಂಡಗೆ ಬೆಳೆದು ಜಾಗವನ್ನೆಲ್ಲಾ ತುಂಬಿರುತ್ತದೆ, ಅದು ಮುಳುಗುತ್ತದೆ. ಗಿಡದಲ್ಲೇ ಒಣಗಿದ ಹಣ್ಣು ನೀರು ಕಳಕೊಂಡಿರುತ್ತದೆ, ಅದೂ ತೇಲುತ್ತದೆ.

ಇನ್ನು ಕಾಯಿ ಕೊರಕ. ಹಣ್ಣಿನ ತುದಿಯ ಹೊಕ್ಕುಳಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಒಳಗೆ ಬೀಜ ಕೊರೆದು ಹುಳು ಮನೆ ಮಾಡಿದೆ ಅಂತ ಅರ್ಥ. ಈ ಕೀಟ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರು ಕಡೆ. ಕೊರೆದ ಜಾಗದಲ್ಲಿ ಗಾಳಿ ಇರುವುದರಿಂದ ಇಂಥ ಹಣ್ಣು ಬಹಳಷ್ಟು ತೇಲಿನಲ್ಲೇ ಸಿಗುತ್ತದೆ. ಆದರೆ ಈಗಷ್ಟೇ ತೂತು ಬಿದ್ದದ್ದು ಮುಳುಗಿಬಿಡುತ್ತದೆ, ಹಾಗಾಗಿ ಕೀಟ ಇರುವ ತೋಟದವರು ಡ್ರಮ್ಮನ್ನೇ ನಂಬಿ ಕೂರಬಾರದು. ಹುಳು ಕಂಡ ಹಣ್ಣನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ಆಮೇಲೆ ಒಣಗಿಸಬೇಕು, ಇಲ್ಲದಿದ್ದರೆ ಕಣದಿಂದಲೇ ಮತ್ತೆ ತೋಟಕ್ಕೆ ಹೋಗುತ್ತದೆ.

ಮಾಡುವ ವಿಧಾನದಲ್ಲಿ ಎರಡು ವಿಷಯ ಮುಖ್ಯ. ಚೀಲ ಸುರಿದ ತಕ್ಷಣ ಮೇಲೆ ನಿಂತದ್ದನ್ನೆಲ್ಲಾ ಬಾಚಬೇಡಿ. ಹಣ್ಣಿನ ಸಿಪ್ಪೆಗೆ, ತೊಟ್ಟಿನ ಹತ್ತಿರ, ಸಣ್ಣ ಸಣ್ಣ ಗಾಳಿಗುಳ್ಳೆ ಅಂಟಿಕೊಂಡಿರುತ್ತವೆ. ಬಗ್ಗಿ ನೋಡಿದರೆ ಕಾಣುತ್ತದೆ. ಹಣ್ಣಿಗೂ ಗುಳ್ಳೆಗೂ ಸೇರಿ ಜಾಗ ಜಾಸ್ತಿ, ತೂಕ ಅಷ್ಟೇ, ಅದಕ್ಕೆ ಒಳ್ಳೆ ಹಣ್ಣೂ ಸುಮ್ನೆ ತೇಲುತ್ತಿರುತ್ತದೆ. ಕೋಲಿನಿಂದ ಚೆನ್ನಾಗಿ ಕಲಕಿದರೆ ಗುಳ್ಳೆ ಬಿಟ್ಟು ಇಳಿಯುತ್ತದೆ, ಆಮೇಲೂ ಉಳಿದದ್ದೇ ನಿಜವಾದ ಜೊಳ್ಳು. ಎರಡನೆಯದು, ಕುಯ್ದ ದಿನವೇ ತೇಲಿಸಿ, ಅವತ್ತೇ ಪಲ್ಪ್ ಮಾಡಿ. ರಾತ್ರಿಯೆಲ್ಲಾ ಚೀಲದಲ್ಲಿ ಕೂತ ಹಣ್ಣು ಹುಳಿ ಬರಲು ಶುರುವಾಗಿ ಒಳಗೆ ಗ್ಯಾಸ್ ಆಗುತ್ತದೆ, ಆಗ ಯಾವುದು ಜೊಳ್ಳು ಯಾವುದು ಗಟ್ಟಿ ಅಂತ ನೀರು ಸರಿಯಾಗಿ ಹೇಳುವುದಿಲ್ಲ, ಕಾಫಿಯ ರುಚಿಯೂ ಕೆಡುತ್ತದೆ.

ನಾನು ಪ್ರತಿ ಬ್ಲಾಕಿನ ಹಣ್ಣನ್ನು ಬೇರೆ ಬೇರೆಯಾಗಿ ತೇಲಿಸುತ್ತೇನೆ, ಎಷ್ಟು ಬುಟ್ಟಿ ತೇಲು ಬಂತು ಅಂತ ಬರೆದಿಡುತ್ತೇನೆ. ನಮ್ಮಲ್ಲಿ ಯಾವಾಗಲೂ ಜಾಸ್ತಿ ಬರುವುದು ನೆರಳು ತೆಳುವಾಗಿರುವ ದಿಣ್ಣೆಯ ಕಡೆಯಿಂದ. ಕಾಯಿ ತುಂಬುವ ಹೊತ್ತಿಗೆ ಗಿಡಕ್ಕೆ ನೀರು, ಗೊಬ್ಬರ ಸಾಲದೇ ಹೋದರೆ, ಅಥವಾ ಶಕ್ತಿ ಮೀರಿ ಕಾಯಿ ಹಿಡಿದರೆ, ಬೀಜ ಅರ್ಧಕ್ಕೇ ನಿಲ್ಲುತ್ತದೆ. ಗೊಬ್ಬರ ಎಲ್ಲಿಗೆ ಜಾಸ್ತಿ, ನೆರಳಿನ ಗಿಡ ಎಲ್ಲಿ ನೆಡಬೇಕು ಅನ್ನುವುದನ್ನು ಈಗ ಈ ಲೆಕ್ಕ ನೋಡಿಯೇ ತೀರ್ಮಾನ ಮಾಡುತ್ತೇವೆ. ತೇಲಿದ ಹಣ್ಣನ್ನು ಬೇರೆ ಟಾರ್ಪಾಲಿನ ಮೇಲೆ ಚೆರ್ರಿಯಾಗಿ, ಅಂದರೆ ಸಿಪ್ಪೆ ಸಮೇತ, ಒಣಗಿಸಿ, ಬೇರೆ ಚೀಲ ಕಟ್ಟಿ ಮಾರುತ್ತೇವೆ. ಅದಕ್ಕೆ ಬೆಲೆ ಕಮ್ಮಿ, ಆದರೆ ಪಾರ್ಚ್‌ಮೆಂಟಿನ (ಸಿಪ್ಪೆ ಸುಲಿದು ಒಣಗಿಸಿದ ಬೀಜದ) ಜೊತೆ ಸೇರಿ ಅದರ ದರ ಇಳಿಸುವುದಿಲ್ಲವಲ್ಲ.