ಮಳೆಗಾಲದ ಮೂಡ್ ಡೇಟಾ, ನಾನು ನೋಡಿದ ರೀತಿ

ವಿರಾಜಪೇಟೆ ಸುತ್ತಮುತ್ತ ಕಾಲೇಜು ಮಕ್ಕಳು, ತೋಟದ ಲೈನ್ ಮನೆಯಲ್ಲಿರೋರು ಇಬ್ಬರ ಹತ್ರನೂ ಎರಡು ವಾರಕ್ಕೊಮ್ಮೆ ಪಿಎಚ್‌ಕ್ಯೂ-9 (ಖಿನ್ನತೆ ಅಳೆಯೋ ಒಂಬತ್ತು ಪ್ರಶ್ನೆಯ ಫಾರಂ, ಅಂಕ ಜಾಸ್ತಿ ಆದಷ್ಟೂ ಖಿನ್ನತೆ ಜಾಸ್ತಿ) ತುಂಬಿಸ್ಕೊಂಡು, ಮಳೆಗಾಲದಲ್ಲಿ ಒಬ್ಬೊಬ್ಬರ ಮನಸ್ಸು ಹೇಗೆ ಏರಿಳಿಯುತ್ತೆ ಅಂತ ನೋಡಿದ್ದೆ. ಎರಡು ವಾರ ಯಾಕೆ ಅಂದ್ರೆ ಆ ಫಾರಂ ಕೇಳೋದೇ ಹಿಂದಿನ ಎರಡು ವಾರದ್ದು, ವಾರವಾರ ಕೇಳಿದ್ರೆ ಅದೇ ದಿನಗಳನ್ನ ಎರಡೆರಡು ಸಲ ಎಣಿಸಿದ ಹಾಗೆ.

ನಮ್ಮ ಕಡೆ ಸಾಮಾನ್ಯವಾಗಿ ಮೊದಲಿನ ಸರಾಸರಿ, ಕೊನೇ ಸರಾಸರಿ, ಎರಡರ ವ್ಯತ್ಯಾಸ ಆಕಸ್ಮಿಕನಾ ಅಂತ ನೋಡೋ ಒಂದು ಟಿ-ಟೆಸ್ಟ್, ಮುಗೀತು. ಆದ್ರೆ ಅರ್ಧ ಜನ ಕುಗ್ಗಿ ಅರ್ಧ ಜನ ಸುಧಾರಿಸಿದ್ರೆ ಸರಾಸರಿ ಅಲ್ಲಾಡೋದೇ ಇಲ್ಲ. ಅದಕ್ಕೇ ಲೆಕ್ಕದ ಮಾಡೆಲ್ ಹಾಕೋಕೆ ಮುಂಚೆ ಒಬ್ಬೊಬ್ಬರದ್ದೂ ಪುಟ್ಟ ಗ್ರಾಫ್ ಹಾಕಿ ಪ್ರಿಂಟ್ ತೆಗೆದು ನೋಡಿದೆ.

ಇನ್ನೊಂದು ವಿಷಯ, ಎಲ್ಲರನ್ನೂ ಜೂನ್‌ನಲ್ಲೇ ಸೇರಿಸ್ಕೊಂಡ್ರೆ ಮಳೆಯಿಂದ ಆದ ಬದಲಾವಣೆ ಯಾವುದು, ಅದೇ ಫಾರಂ ತುಂಬಿ ತುಂಬಿ ಅಭ್ಯಾಸ ಆಗಿ ಬಂದ ಬದಲಾವಣೆ ಯಾವುದು ಅಂತ ಬಿಡಿಸೋಕಾಗಲ್ಲ. ಕೆಲವರನ್ನ ಏಪ್ರಿಲ್‌ನಲ್ಲಿ, ಕೆಲವರನ್ನ ಜುಲೈನಲ್ಲಿ ಸೇರಿಸಿದ್ದು ಅದಕ್ಕೇ.

ಮಾಡೆಲ್ ಅಂದ್ರೆ ಆರ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಎಲ್‌ಎಂಇ4 ಅನ್ನೋ ಪ್ಯಾಕೇಜ್, ಪ್ರತಿಯೊಬ್ಬರಿಗೂ ಅವರದ್ದೇ ಶುರುವಿನ ಮಟ್ಟ, ಅವರದ್ದೇ ಇಳಿಜಾರು (ಕಾಲ ಹೋದ ಹಾಗೆ ಸ್ಕೋರ್ ಏರೋ ಇಳಿಯೋ ವೇಗ). ಸಂಖ್ಯಾಶಾಸ್ತ್ರದ ಲೇರ್ಡ್ ಮತ್ತು ವೇರ್ 1982ರಲ್ಲಿ ಬರೆದ ಮಿಕ್ಸೆಡ್ ಮಾಡೆಲ್ (ಗುಂಪಿನ ಗೆರೆ, ಒಬ್ಬೊಬ್ಬರ ಗೆರೆ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕೋದು) ದಾರಿನೇ ಇದು. ಒಂದೆರಡು ಸಲ ತಪ್ಪಿಸಿದವರನ್ನ ಪೂರ್ತಿ ಕಿತ್ತು ಹಾಕ್ಬೇಕಾಗಿಲ್ಲ, ಕಮ್ಮಿ ಡೇಟಾ ಇರೋರ ಗೆರೆ ಗುಂಪಿನ ಗೆರೆ ಕಡೆ ಸ್ವಲ್ಪ ಎಳ್ಕೊಳ್ಳುತ್ತೆ ಅಷ್ಟೆ. ಹತ್ತಿರದ ಎರಡು ಅಳತೆ ಒಂದಕ್ಕೊಂದು ಅಂಟ್ಕೊಂಡಿರೋದನ್ನ ಲೆಕ್ಕಕ್ಕೆ ತಗೋಬೇಕು ಅಂದ್ರೆ ಎನ್‌ಎಲ್‌ಎಂಇ ಅನ್ನೋ ಹಳೇ ಪ್ಯಾಕೇಜ್‌ಗೆ ಹೋಗ್ಬಹುದು.

ಡೇಟಾ ತಪ್ಪೋದು ಇಲ್ಲಿ ಮಾಮೂಲು, ಗಾಳಿಮಳೆಗೆ ಮರ ಬಿದ್ರೆ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಹಾಗಾಗಿ ಪೇಪರ್ ಫಾರಂ ಕೂಡ ಕೊಟ್ಟಿದ್ದೆ. ಆದ್ರೆ ಕರೆಂಟ್ ಹೋಗಿ ತಪ್ಪಿದ್ದು ಬೇರೆ, ಮನಸ್ಸು ಕುಗ್ಗಿ ತುಂಬೋಕೇ ಬೇಜಾರಾಗಿ ತಪ್ಪಿದ್ದು ಬೇರೆ. ಎರಡನೇದನ್ನ ಯಾವ ಮಾಡೆಲ್ಲೂ ತಾನಾಗೇ ಸರಿ ಮಾಡಲ್ಲ, ಯಾಕೆ ತಪ್ತು ಅಂತ ಆಮೇಲೆ ಕೇಳಿ ಬರ್ಕೊಂಡೆ.

ಈಗ ನನಗೆ ಮುಖ್ಯ ಅನ್ಸಿದ್ದು. ಫಾರಂ ಜೊತೆ ನಿದ್ದೆ ಎಷ್ಟು ಗಂಟೆ ಅಂತನೂ ಕೇಳಿದ್ದೆ. ಯಾವಾಗ್ಲೂ 5 ಗಂಟೆ ಮಲಗೋರಿಗೆ 6 ಗಂಟೆ ಅಂದ್ರೆ ಒಳ್ಳೆ ನಿದ್ದೆ, 8 ಗಂಟೆ ಮಲಗೋರಿಗೆ ಅದೇ 6 ನಿದ್ದೆಗೆಟ್ಟ ಹಾಗೆ. ನಿದ್ದೆ ಅಂತ ಒಂದೇ ಕಾಲಂ ಹಾಕಿದ್ರೆ ಎರಡು ಬೇರೆ ಪ್ರಶ್ನೆ ಕಲಸಿಹೋಗುತ್ತೆ: ಕಮ್ಮಿ ಮಲಗೋ ಜನರ ಸ್ಕೋರ್ ಜಾಸ್ತಿನಾ, ಅಥವಾ ಒಬ್ಬರೇ ತಮ್ಮ ಮಾಮೂಲಿಗಿಂತ ಕಮ್ಮಿ ಮಲಗಿದಾಗ ಅವರ ಸ್ಕೋರ್ ಏರುತ್ತಾ. ನಾನು ಎರಡು ಕಾಲಂ ಮಾಡಿದೆ, ಒಂದು ಆ ವ್ಯಕ್ತಿಯ ಸರಾಸರಿ, ಇನ್ನೊಂದು ಆ ಸರಾಸರಿಯಿಂದ ಆ ಸಲ ಎಷ್ಟು ಆಚೀಚೆ. ಎರಡರ ಉತ್ತರ ಒಂದೇ ಆಗ್ಬೇಕು ಅಂತೇನಿಲ್ಲ, ಉಲ್ಟಾನೂ ಆಗ್ಬಹುದು. ಮನಃಶಾಸ್ತ್ರಜ್ಞ ಪೀಟರ್ ಮೊಲೆನಾರ್ 2004ರಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದ್ದು, ಎಲ್ಲರೂ ಒಂದೇ ಥರ ನಡ್ಕೊಂಡು, ಕಾಲ ಹೋದ್ರೂ ಸರಾಸರಿ, ಏರಿಳಿತ ಬದಲಾಗದೇ ಇದ್ರೆ ಮಾತ್ರ ಗುಂಪಿನ ಲೆಕ್ಕ ಒಬ್ಬರಿಗೆ ಹೊಂದುತ್ತೆ ಅಂತ. ನಾವು ಹುಡುಕ್ತಿರೋದೇ ಬದಲಾವಣೆ, ಅಲ್ಲಿಗೆ ಆ ಷರತ್ತು ಬಿದ್ದೇ ಹೋಯ್ತಲ್ಲ! ತಾರೀಖನ್ನೂ ಮಾಡೆಲ್‌ನಲ್ಲಿ ಇಟ್ಕೊಂಡೆ, ಇಲ್ದಿದ್ರೆ ಮಳೆ ಜೋರಾದ ಹಾಗೆ ನಿದ್ದೆನೂ ಮೂಡೂ ಒಟ್ಟಿಗೆ ಜಾರಿದ್ದನ್ನೇ ನಿದ್ದೆಯ ಪರಿಣಾಮ ಅಂದ್ಬಿಡ್ತೀವಿ.

ಕೌನ್ಸೆಲಿಂಗ್‌ಗೆ ಬರೋರು "ಮೇಡಂ, ನಂದು ಕಮ್ಮಿ ಆಗಿದ್ಯಾ?" ಅಂತಾರೆ, ಅವರಿಗೆ ಈ ಮಾಡೆಲ್ ಎಲ್ಲ ಬೇಡ. ಅಲ್ಲಿ ಜೇಕಬ್‌ಸನ್ ಮತ್ತು ಟ್ರುಆಕ್ಸ್ 1991ರಲ್ಲಿ ಕೊಟ್ಟ ಆರ್‌ಸಿಐ (ಒಬ್ಬರ ಅಂಕದ ಬದಲಾವಣೆ ಅಳತೆಯ ತಪ್ಪನ್ನ ಮೀರಿದ್ಯಾ ಅಂತ ನೋಡೋ ಸೂತ್ರ) ಸಾಕು. ಉದಾಹರಣೆಗೆ ಎಸ್‌ಡಿ (ಗುಂಪಿನ ಅಂಕಗಳು ಎಷ್ಟು ಹರಡಿವೆ ಅನ್ನೋದು) 5, ರಿಲಯಬಿಲಿಟಿ (ಅಳತೆಯನ್ನ ಎಷ್ಟು ನಂಬಬಹುದು ಅನ್ನೋದು, 1 ಅಂದ್ರೆ ಪೂರ್ತಿ) 0.84 ಅಂದ್ಕೊಳ್ಳಿ, ಅಳತೆಯ ತಪ್ಪು 2, ಎರಡು ಅಳತೆಯ ವ್ಯತ್ಯಾಸಕ್ಕೆ ಸುಮಾರು 2.83, ಅದನ್ನ 1.96ರಿಂದ ಗುಣಿಸಿದ್ರೆ 5.5. ಅಂದ್ರೆ 27ರ ಸ್ಕೇಲ್‌ನಲ್ಲಿ 6 ಅಂಕ ಇಳಿದ್ರೆ ನಿಜವಾಗ್ಲೂ ಇಳಿದಿದೆ ಅನ್ಬಹುದು, 3 ಇಳಿದಿದ್ದಕ್ಕೆ ಖುಷಿಪಟ್ಟು ಸೆಷನ್ ನಿಲ್ಲಿಸೋ ಹಾಗಿಲ್ಲ.

ಆತ್ಮಹಾನಿ ಯೋಚನೆ ಕೇಳೋ ಒಂಬತ್ತನೇ ಪ್ರಶ್ನೆಗೆ ಮಾತ್ರ ಈ ಲೆಕ್ಕ ಯಾವುದೂ ಇಲ್ಲ, ಸೊನ್ನೆ ಬಿಟ್ಟು ಏನೇ ಬಂದಿದ್ರೂ ಅವತ್ತೇ ಫೋನ್ ಮಾಡ್ತೀನಿ, ಫೋನ್ ಸಿಗದಿದ್ರೆ ಮನೆಗೇ ಹೋಗ್ತೀನಿ.