ವಿಬಿಎಸ್ ಮುಗಿದ ಮೇಲೂ ಟೀಚರುಗಳಲ್ಲಿ ಉಸಿರು ಉಳಿಯಬೇಕಲ್ವಾ?

ನಮ್ಮದು ತುಮಕೂರು ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ವಿಬಿಎಸ್, ಅಂದರೆ ವೆಕೇಶನ್ ಬೈಬಲ್ ಸ್ಕೂಲ್, ನಡೆಸುವ ಜವಾಬ್ದಾರಿ ಕೆಲವು ವರ್ಷಗಳಿಂದ ನನ್ನ ಮೇಲಿದೆ. ಹಾಡು, ಬೈಬಲ್ ಕಥೆ, ಬಾಯಿಪಾಠದ ವಚನ, ಕ್ರಾಫ್ಟು, ತಿಂಡಿ, ಕೊನೆಗೆ ಭಾನುವಾರದ ಆರಾಧನೆಯಲ್ಲಿ ಮಕ್ಕಳ ಕಾರ್ಯಕ್ರಮ. ಕೇಳೋಕೆ ಸುಲಭ. ಆದರೆ ವಿಬಿಎಸ್ ಮುಗಿದ ಮೇಲೆ ಒಳ್ಳೊಳ್ಳೆ ಟೀಚರುಗಳು ಸಂಡೇ ಸ್ಕೂಲನ್ನೇ ಬಿಟ್ಟಿದ್ದನ್ನು ನೋಡಿದ್ದೇನೆ. ಜಗಳ ಏನಿಲ್ಲ. ಸುಸ್ತು, ಅಷ್ಟೇ.

ಈ ಸುಸ್ತಿಗೆ ಮೊದಲ ಕಾರಣ ಕ್ಯಾಲೆಂಡರು. ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಲೆಂಟ್ ಪೂರ್ತಿ ಮನೆಮನೆ ಪ್ರಾರ್ಥನೆ, ಗುಡ್ ಫ್ರೈಡೇ ದಿನ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೂರು ಗಂಟೆ ಉದ್ದದ ಆರಾಧನೆ, ಈಸ್ಟರಿಗೆ ಬೆಳಕು ಹರಿಯುವ ಮೊದಲೇ ಚರ್ಚಿನಲ್ಲಿ. ಕ್ವಾಯರಿನಲ್ಲಿ ಹಾಡುವವರು, ಅವತ್ತು ಕಾಫಿ ಕಾಯಿಸುವವರು, ವಿಬಿಎಸ್ ಟೀಚರುಗಳು, ಎಲ್ಲ ಅವರೇ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಬಂತು. 2025ರಲ್ಲಿ ಏಪ್ರಿಲ್ 20ಕ್ಕೆ. "ಶಾಲೆಗೆ ರಜೆ ಸಿಕ್ತು, ಶುರು ಮಾಡೋಣ" ಅಂತ ಪ್ರತಿವರ್ಷ ಏಪ್ರಿಲ್ ಮಧ್ಯಕ್ಕೆ ಇಟ್ಟುಕೊಂಡರೆ ಒಂದು ವರ್ಷ ಸರಿಹೋಗುತ್ತದೆ, ಮರುವರ್ಷ ಗುಡ್ ಫ್ರೈಡೇ ವಾರದ ಮೇಲೇ ಬಂದು ಕೂರುತ್ತದೆ. ಅದಕ್ಕೇ ನಾನು ಈಸ್ಟರಿನಿಂದ ಮುಂದಕ್ಕೆ ಎಣಿಸುತ್ತೇನೆ. ಈಸ್ಟರ್ ಆಗಿ ಎರಡು ವಾರ ಏನೂ ಇಲ್ಲ, ಮೀಟಿಂಗು ಕೂಡ ಇಲ್ಲ. ಹೈಸ್ಕೂಲು ಮೇಷ್ಟ್ರುಗಳಿಗೆ ಏಪ್ರಿಲಿನಲ್ಲಿ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವ ಕೆಲಸ ಬೇರೆ ಇರುತ್ತದೆ. ಮೇ ಮೊದಲ ವಾರ ಅಂದರೆ ಸಾಮಾನ್ಯವಾಗಿ ಎಲ್ಲರಿಗೂ ಒಗ್ಗುತ್ತದೆ.

ಹತ್ತು ದಿನದ ವಿಬಿಎಸ್ ಅನ್ನು ಐದಕ್ಕೆ ಇಳಿಸುವಾಗ ಕಮಿಟಿಯ ಹಿರಿಯರೊಬ್ಬರಿಗೆ ಬೇಜಾರಾಯಿತು. "ನಮ್ಮ ಕಾಲದಲ್ಲಿ ಹತ್ತು ದಿನ ನಡೆಸ್ತಿದ್ವಿ, ಅಮ್ಮ." ನಿಜ. ಆ ಕಾಲದಲ್ಲಿ ಸಂಡೇ ಸ್ಕೂಲ್ ಟೀಚರು ಅಂದರೆ ಹೆಚ್ಚಾಗಿ ಮಿಷನ್ ಶಾಲೆಯ ಟೀಚರು. ಮಕ್ಕಳಿಗೆ ರಜೆ ಇದ್ದಾಗ ಅವರಿಗೂ ರಜೆ. ಈಗ ನಮ್ಮಲ್ಲಿ ಒಬ್ಬರು ಬ್ಯಾಂಕು, ಒಬ್ಬರು ಗಾರ್ಮೆಂಟ್ಸು, ಒಬ್ಬರು ಆಸ್ಪತ್ರೆಯಲ್ಲಿ ನರ್ಸು. ವಿಬಿಎಸ್‌ಗೆ ಬರುವುದು ಅಂದರೆ ವರ್ಷದ ರಜೆಯನ್ನು ಇಲ್ಲಿ ಖರ್ಚು ಮಾಡುವುದು. ಇದನ್ನು ಹೇಳಿದ ಮೇಲೆ ಅವರೂ ಒಪ್ಪಿದರು. ಸ್ವಲ್ಪ ಗೊಣಗಿದರು, ಇರಲಿ.

ನಮಗೆ ತುಂಬಾ ಕೆಲಸಕ್ಕೆ ಬಂದದ್ದು ಕೈಚೀಲಗಳು. ಮದುವೆಮನೆಗಳಲ್ಲಿ ತಾಂಬೂಲದ ಜೊತೆ ಕೊಡುವ ಬಟ್ಟೆ ಚೀಲಗಳು ಎಲ್ಲರ ಮನೆಯಲ್ಲೂ ಬೇಕಾದಷ್ಟು ಬಿದ್ದಿರುತ್ತವೆ. ಪ್ರತಿ ತರಗತಿಗೆ ದಿನಕ್ಕೊಂದರಂತೆ ಐದು ಚೀಲ. ಮೇಲೆ ಸೋಮವಾರ, ಮಂಗಳವಾರ ಅಂತ ಮಾರ್ಕರಿನಲ್ಲಿ ಬರೆದಿರುತ್ತದೆ. ಒಳಗೆ ಆ ದಿನದ ಕಥೆಯ ಚಿತ್ರ, ವಚನದ ಚಾರ್ಟು, ಕ್ರೆಯಾನು, ಫೆವಿಕಾಲು, ತುದಿ ಮೊಂಡಾದ ಕತ್ತರಿ, ಪಾಠದ ಒಂದು ಪುಟ. ಇವನ್ನೆಲ್ಲ ವಿಬಿಎಸ್‌ಗೆ ಮುಂಚಿನ ಶನಿವಾರವೇ ತುಂಬಿಸಿ ವೆಸ್ಟ್ರಿಯಲ್ಲಿ (ಚರ್ಚಿನ ಪಕ್ಕದ ಕೋಣೆಯಲ್ಲಿ) ಸಾಲಾಗಿ ಇಡುತ್ತೇವೆ. ಬೆಳಿಗ್ಗೆ ಬಂದ ಟೀಚರು ಚೀಲ ಎತ್ತಿಕೊಂಡು ಹೋದರೆ ಆಯಿತು. ಯಾರಿಗಾದರೂ ಜ್ವರ ಬಂದರೆ ಇನ್ನೊಬ್ಬರು ಅದೇ ಚೀಲ ಬಿಚ್ಚಿ ಪಾಠ ಮಾಡಬಹುದು. ರಾತ್ರಿ ಹನ್ನೊಂದಕ್ಕೆ ಚಾರ್ಟು ಬರೆಯುತ್ತಾ ಕೂರುವ ಕಥೆಯೇ ಇಲ್ಲ. ಟೀಚರುಗಳನ್ನು ಸುಸ್ತು ಮಾಡುವುದು ಬೆಳಿಗ್ಗೆ ಮೂರು ತಾಸು ಪಾಠ ಮಾಡುವುದಲ್ಲ, ಈ ರಾತ್ರಿ ಕೆಲಸ.

ಜನರನ್ನು ಕೇಳುವ ರೀತಿಯೂ ಬದಲಾಗಬೇಕು. "ವಿಬಿಎಸ್‌ಗೆ ಸಹಾಯ ಮಾಡ್ತೀರಾ?" ಅಂದರೆ ಎಲ್ಲರೂ "ಆಯ್ತು, ಪ್ರಾರ್ಥನೆ ಮಾಡ್ತೀವಿ" ಅನ್ನುತ್ತಾರೆ. "ಆಂಟಿ, ಐದು ದಿನ ಹನ್ನೊಂದು ಗಂಟೆ ಮಜ್ಜಿಗೆ ನಿಮ್ಮದು" ಅಂದರೆ ಉತ್ತರವೇ ಬೇರೆ. ಜೊತೆಗೆ ದುಡ್ಡನ್ನೂ ಕವರಿನಲ್ಲಿ ಮೊದಲೇ ಅವರ ಕೈಗೆ ಕೊಟ್ಟುಬಿಡಬೇಕು. ನಮ್ಮ ಆಂಟಿ ಮೊಸರು ಎಲ್ಲಿಂದ, ಎಷ್ಟು ಅಂತ ಒಂದು ಸಲವೂ ನನಗೆ ಫೋನ್ ಮಾಡಲಿಲ್ಲ. ಶುಂಠಿ, ಕರಿಬೇವು ಜಜ್ಜಿ ಹಾಕಿದ್ದು ದೊಡ್ಡವರಿಗೆ, ಬರೀ ಉಪ್ಪು ಹಾಕಿದ್ದು ಚಿಕ್ಕವರಿಗೆ ಅಂತ ಎರಡು ಸ್ಟೀಲ್ ಡ್ರಮ್ಮು ಅವರೇ ಮಾಡಿಕೊಂಡರು. ಕೆಲಸ ಕೊಟ್ಟು ತೀರ್ಮಾನವನ್ನು ನಾವೇ ಇಟ್ಟುಕೊಂಡರೆ ಅರ್ಧ ಕೆಲಸವೂ ಕೊಟ್ಟಂತಲ್ಲ.

ಯಾರಿಗೆ ಏನು ಕೊಡಬೇಕು ಅನ್ನೋದಕ್ಕೆ ನಾನು ಬೈಬಲಿನ ನೆಹೆಮೀಯನ ಪುಸ್ತಕದ ಮೂರನೇ ಅಧ್ಯಾಯ ನೋಡುತ್ತೇನೆ. ಬರೀ ಹೆಸರುಗಳ ಪಟ್ಟಿ ಅಂತ ಎಲ್ಲರೂ ದಾಟಿಸಿ ಓದುವ ಅಧ್ಯಾಯ ಅದು. ಯೆರೂಸಲೇಮಿನ ಗೋಡೆ ಕಟ್ಟುವಾಗ ಅಕ್ಕಸಾಲಿಗರೂ ಇದ್ದಾರೆ, ಒಬ್ಬನ ಹೆಣ್ಣುಮಕ್ಕಳೂ ಇದ್ದಾರೆ. ಎಷ್ಟೋ ಜನ ಕಟ್ಟಿದ್ದು ತಮ್ಮ ಮನೆಯ ಎದುರಿನ ಭಾಗವನ್ನೇ. ನಮ್ಮಲ್ಲೂ ಹಾಗೇ: ಚರ್ಚಿನ ಪಕ್ಕದ ಬೀದಿಯವರಿಗೆ ಬಾಗಿಲು, ಬೀಗ. ಆಟೋ ಓಡಿಸುವ ಅಣ್ಣನಿಗೆ ದೂರದ ಮಕ್ಕಳನ್ನು ಕರೆತರುವ ಕೆಲಸ. ಅಂಗಡಿ ಇಟ್ಟಿರುವವರಿಗೆ ಬಿಸ್ಕತ್ತು. ಹೊಸದೇನೂ ಕಲಿಯಬೇಕಿಲ್ಲ.

ಕೊನೆಯ ದಿನದ ಕಾರ್ಯಕ್ರಮದಲ್ಲಿ ಕತ್ತರಿ ಹಾಕಿದ್ದು ಜಾಸ್ತಿ. ಬಾಡಿಗೆ ವೇಷ ಇಲ್ಲ, ಥರ್ಮೋಕೋಲ್ ಅಲಂಕಾರ ಇಲ್ಲ. ವಾರವಿಡೀ ಹಾಡಿದ್ದನ್ನೇ ಮಕ್ಕಳು ಹಾಡುತ್ತಾರೆ, ವಚನ ಹೇಳುತ್ತಾರೆ, ಸರ್ಟಿಫಿಕೇಟ್ ತೆಗೆದುಕೊಳ್ಳುತ್ತಾರೆ. ಒಂದಿಬ್ಬರು ತಾಯಂದಿರಿಗೆ ಸಪ್ಪೆ ಅನ್ನಿಸಿತು. ಆದರೆ ರಿಹರ್ಸಲ್ ಅಂತ ಸಂಜೆಯೂ ಮಕ್ಕಳನ್ನು ಎಳೆದು ತರುವುದು ತಪ್ಪಿತು.

ಈ ಕಾರ್ಯಕ್ರಮ ಆದ ಮುಂದಿನ ಭಾನುವಾರ ಸಂಡೇ ಸ್ಕೂಲನ್ನು ಯುವಜನರು ನಡೆಸುತ್ತಾರೆ. ಟೀಚರುಗಳು ಸುಮ್ನೆ ಬೆಂಚಿನಲ್ಲಿ ಕೂತು ಆರಾಧನೆ ಮಾಡಬಹುದು. ಇದನ್ನು ಫೆಬ್ರವರಿಯಲ್ಲೇ ಪಾಸ್ಟರ್ ಹತ್ತಿರ ಮಾತಾಡಿ ಕಮಿಟಿಯ ನಡವಳಿ ಪುಸ್ತಕದಲ್ಲಿ ಬರೆಸಿಟ್ಟಿರುತ್ತೇನೆ. ಬರೆಸದಿದ್ದರೆ ಆ ವಾರ ಯಾವುದಾದರೂ ಮೀಟಿಂಗ್ ಹುಟ್ಟಿಕೊಳ್ಳೋದು ಖಂಡಿತ.

ಇನ್ನೂ ಬಗೆಹರಿಯದ್ದು ಕೀಬೋರ್ಡು. ನುಡಿಸುವವರು ಒಬ್ಬರೇ, ಐದೂ ದಿನ ಅವರೇ. ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ಅವರ ಹತ್ತಿರ ಕಲಿಯುತ್ತಿದ್ದಾರೆ. ಈ ಸಲ ಅವರಿಗೆ ಎರಡು ಹಾಡು ಬಿಟ್ಟುಕೊಡಿ ಅಂತ ಕೇಳಿದ್ದೇನೆ. ಶ್ರುತಿ ತಪ್ಪಿದರೂ ಪರವಾಗಿಲ್ಲ, ಮಕ್ಕಳು ಹೇಗೂ ಕಿರುಚಿಕೊಂಡೇ ಹಾಡುತ್ತಾರೆ.