ಕೈಪಿಡಿಗಳಿಗೆ ಕಾಗುಣಿತ ಪರೀಕ್ಷಕವನ್ನು ಹೊಂದಿಸಿದ ನನ್ನ ಅನುಭವ

ಬೆಳಗಾವಿಯ ಒಂದು ಚಿಕ್ಕ ತಂತ್ರಾಂಶ ಕಚೇರಿಯಲ್ಲಿ ನಾನು ಬಳಕೆದಾರರ ಕೈಪಿಡಿಗಳನ್ನು ಬರೆಯುತ್ತೇನೆ. ಸಕ್ಕರೆ ಕಾರ್ಖಾನೆಗೆ ಬರುವ ಕಬ್ಬಿನ ಗಾಡಿಗಳ ತೂಕವನ್ನು ದಾಖಲಿಸಿ ರೈತರ ಬಿಲ್ಲನ್ನು ಲೆಕ್ಕ ಹಾಕುವುದು ನಮ್ಮ ತಂತ್ರಾಂಶದ ಕೆಲಸ. ಅದನ್ನು ಬಳಸುವವರು ಅಥಣಿ, ರಾಯಬಾಗ, ಮುಧೋಳ, ಜಮಖಂಡಿ ಕಡೆಯ ತೂಕದ ಗುಮಾಸ್ತರು. ಹಂಗಾಮು ಶುರುವಾದ ಮೇಲೆ ರಾತ್ರಿ ಪಾಳಿಯಲ್ಲಿ ಒಬ್ಬರೇ ಕುಳಿತು, ಕೈಪಿಡಿಯಲ್ಲಿ ಬರೆದಿದ್ದನ್ನು ಅಕ್ಷರಶಃ ಪಾಲಿಸುವ ಜನ ಅವರು. ಆದ್ದರಿಂದ ಕಾಗುಣಿತದ ತಪ್ಪನ್ನು ನಾನು ಬರೀ ಅಂದದ ವಿಷಯವೆಂದು ಎಂದೂ ತಿಳಿದಿಲ್ಲ.

ಪರೀಕ್ಷೆಗೆ ನಾನು ಆರಿಸಿಕೊಂಡ ಕಾಗುಣಿತ ಪರೀಕ್ಷಕ ಹನ್‌ಸ್ಪೆಲ್. ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್‌ಗಳ ಒಳಗೆ ಕೆಲಸ ಮಾಡುವುದೂ ಇದೇ. ಹಂಗೇರಿಯ ಲಾಸ್ಲೋ ನೇಮೆತ್ ಅವರು ಇದನ್ನು ಮೂಲತಃ ತಮ್ಮ ಭಾಷೆಗಾಗಿ ರೂಪಿಸಿದರು. ಕನ್ನಡದಂತೆ ಆ ಭಾಷೆಯಲ್ಲಿಯೂ ಪದದ ಹಿಂದೆ ಪ್ರತ್ಯಯದ ಮೇಲೆ ಪ್ರತ್ಯಯ ಬಂದು ಅಂಟಿಕೊಳ್ಳುತ್ತದೆ ಎಂಬುದೇ ನನ್ನ ಆಯ್ಕೆಗೆ ಮುಖ್ಯ ಕಾರಣ. ಲಿನಕ್ಸ್‌ನಲ್ಲಿ ಸಿಗುವ ಕನ್ನಡ ನಿಘಂಟನ್ನು ಅಳವಡಿಸಿ ಮೊದಲ ಸಲ ಓಡಿಸಿದಾಗ, ಸರಿಯಿರುವ ಪದಗಳೇ ತಪ್ಪಿನ ಪಟ್ಟಿಯಲ್ಲಿ ತುಂಬಿಕೊಂಡು, ನಿಜವಾದ ತಪ್ಪುಗಳು ಅವುಗಳ ನಡುವೆ ಮುಚ್ಚಿಹೋಗಿದ್ದವು. ಅಂಥ ಪಟ್ಟಿಯನ್ನು ಎರಡನೆಯ ದಿನ ಯಾರೂ ಓದುವುದಿಲ್ಲ.

ಮೊದಲು ಸರಿಪಡಿಸಬೇಕಾಗಿದ್ದುದು ನಿಘಂಟನ್ನಲ್ಲ, ನಮ್ಮ ಪಠ್ಯವನ್ನೇ. ಹಳೆಯ ಕೈಪಿಡಿಗಳು ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿದ್ದು ಆಮೇಲೆ ಯೂನಿಕೋಡ್‌ಗೆ ಪರಿವರ್ತನೆಯಾದವು. ಅವುಗಳಲ್ಲಿ ಎಷ್ಟೋ ಕಡೆ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕುಳಿತಿತ್ತು. ‘ಸಂಖ್ಯೆ’ ಎಂಬ ಪದದಲ್ಲಿ ಎರಡಕ್ಕೂ ಒಂದೇ ಆಕಾರ. ಕಣ್ಣಿಗೆ ವ್ಯತ್ಯಾಸ ಕಾಣದು, ಹುಡುಕಾಟಕ್ಕೆ ಮಾತ್ರ ಪದವೇ ಸಿಗದು. ಇನ್ನೊಂದು ತೊಡಕು ದೀರ್ಘ ಸ್ವರಚಿಹ್ನೆಗಳದು. ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಣುಕುಗಳನ್ನು ಜೋಡಿಸಿಯೂ ಬರೆಯಬಹುದು. ನಿಘಂಟಿನಲ್ಲಿ ಒಂದು ಬಗೆಯಿದ್ದು ಪಠ್ಯದಲ್ಲಿ ಇನ್ನೊಂದು ಬಗೆಯಿದ್ದರೆ ಸರಿಯಾದ ಪದವೂ ತಪ್ಪೆನಿಸುತ್ತದೆ. ಇದಕ್ಕಾಗಿ ಪರೀಕ್ಷೆಗೆ ಮುನ್ನ ಪಠ್ಯವನ್ನೆಲ್ಲ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಎಂದರೆ ಬಿಡಿ ತುಣುಕುಗಳು ಕೂಡಿ ಒಂದೇ ಸಂಕೇತವಾಗುವ ರೂಪಕ್ಕೆ, ತರುವ ಒಂದು ಪುಟ್ಟ ಪೈಥಾನ್ ಕಡತವನ್ನು ಬರೆದೆ. ಅನುಸ್ವಾರ ಮತ್ತು ಸೊನ್ನೆಯ ಗೊಂದಲವನ್ನು ಈ ರೂಪಾಂತರ ಸರಿಪಡಿಸುವುದಿಲ್ಲ. ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಬೇರೆಯಾಗಿಯೇ ಹುಡುಕಬೇಕು.

ತಂತ್ರಾಂಶದ ಬರವಣಿಗೆಯಲ್ಲಿ ಅತಿ ಹೆಚ್ಚು ಕಾಡಿದ್ದು ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ‘ಬಿಡಿಸುವ ಅಕ್ಷರ’ (ZWNJ). ‘ಪಾಸ್‌ವರ್ಡ್’, ‘ಡೌನ್‌ಲೋಡ್’, ‘ನೆಟ್‌ವರ್ಕ್’ ಪದಗಳ ನಡುವೆ ಅದಿಲ್ಲದಿದ್ದರೆ ಮುಂದಿನ ವ್ಯಂಜನ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ನನ್ನ ಮೊದಲ ಓಟದಲ್ಲಿ ಹನ್‌ಸ್ಪೆಲ್ ಇಂಥ ಪದವನ್ನು ಅಲ್ಲಿಯೇ ಎರಡಾಗಿ ಸೀಳಿ, ಎರಡು ತುಂಡುಗಳನ್ನೂ ತಪ್ಪೆನ್ನುತ್ತಿತ್ತು. ನಿಘಂಟಿನ ಜೊತೆಗಿರುವ ಪ್ರತ್ಯಯಗಳ ಕಡತದಲ್ಲಿ, ಪದದೊಳಗೆ ಬರಬಹುದಾದ ಅಕ್ಷರಗಳನ್ನು ಹೇಳುವ ಸಾಲಿಗೆ ಬಿಡಿಸುವ ಅಕ್ಷರವನ್ನೂ ಅದರಂತೆಯೇ ಕಣ್ಣಿಗೆ ಕಾಣದ ಕೂಡಿಸುವ ಅಕ್ಷರವನ್ನೂ (ZWJ) ಸೇರಿಸಿದ ಮೇಲೆ ಇದು ನಿಂತಿತು. ಇವನ್ನು ಪೂರ್ತಿ ಕಡೆಗಣಿಸುವಂತೆ ಹೇಳುವ ಸೌಲಭ್ಯವೂ ಹನ್‌ಸ್ಪೆಲ್‌ನಲ್ಲಿದೆ, ಆದರೆ ನಾನು ಅದನ್ನು ಬಳಸಲಿಲ್ಲ. ಬಳಸಿದರೆ ‘ಪಾಸ್ವರ್ಡ್’ ಎಂಬುದೂ ಸರಿಯೆಂದು ದಾಟಿಹೋಗುತ್ತದೆ. ‘ರ‍್ಯಾಮ್’ ಎಂಬ ಪದದಲ್ಲಿಯೂ ಹಾಗೆಯೇ: ರಕಾರದ ಮುಂದೆ ಕೂಡಿಸುವ ಅಕ್ಷರವಿಲ್ಲದಿದ್ದರೆ ಅದು ಅರ್ಕಾವತ್ತಾಗಿ ಬದಲಾಗುತ್ತದೆ.

ನಮ್ಮ ಕೈಪಿಡಿಗಳು ಸರಳ ಚಿಹ್ನೆಗಳಿಂದ ಪಠ್ಯವನ್ನು ವಿನ್ಯಾಸಗೊಳಿಸುವ ಮಾರ್ಕ್‌ಡೌನ್‌ನಲ್ಲಿವೆ. ಕಡತಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಪ್ಯಾನ್‌ಡಾಕ್‌ಗೆ ಲುವಾ ಭಾಷೆಯಲ್ಲಿ ಬರೆದ ಕೆಲವೇ ಸಾಲುಗಳ ಶೋಧಕವನ್ನು ಕೊಟ್ಟರೆ ಸಂಕೇತದ (ಕೋಡ್) ಭಾಗಗಳನ್ನೆಲ್ಲ ತೆಗೆದು ಬರೀ ಪಠ್ಯವನ್ನು ಹೊರಗೆ ಕೊಡುತ್ತದೆ. ಇಲ್ಲೊಂದು ಅನಿರೀಕ್ಷಿತ ಸಂಗತಿ ಎದುರಾಯಿತು. ವಾಕ್ಯದ ನಡುವೆ ಒಂದು ಕಡತದ ಹೆಸರನ್ನು ಸಂಕೇತವಾಗಿ ಬರೆದು, ಅದಕ್ಕೇ ‘ನಲ್ಲಿ’ ಎಂದು ವಿಭಕ್ತಿಯನ್ನು ಅಂಟಿಸಿದ್ದರೆ, ಹೆಸರು ಹೋಗಿ ‘ನಲ್ಲಿ’ ಒಂದೇ ಉಳಿಯುತ್ತದೆ. ‘ಕ್ಕೆ’, ‘ನ್ನು’ ಹೀಗೆ ಒಂಟಿಯಾಗಿ ಉಳಿದಾಗ ಪರೀಕ್ಷಕ ಹಿಡಿಯುತ್ತಿತ್ತು, ಆದರೆ ‘ನಲ್ಲಿ’ ಮಾತ್ರ ಸದ್ದಿಲ್ಲದೆ ದಾಟುತ್ತಿತ್ತು. ನಾವು ನಳ ಎನ್ನುವುದನ್ನು ಬೆಂಗಳೂರು, ಮೈಸೂರಿನವರು ನಲ್ಲಿ ಎನ್ನುತ್ತಾರೆ, ಮತ್ತು ನಿಘಂಟಿನಲ್ಲಿ ಆ ಪದ ಇತ್ತು. ಸಂಕೇತದ ಹೆಸರಿಗೆ ನೇರವಾಗಿ ವಿಭಕ್ತಿ ಅಂಟಿಸದೆ ‘ಎಂಬ ಕಡತದಲ್ಲಿ’, ‘ಎಂಬ ಆಯ್ಕೆಯನ್ನು’ ಎಂದು ಬರೆಯುವ ನಿಯಮವನ್ನು ಅಂದಿನಿಂದ ಇಟ್ಟುಕೊಂಡೆ. ಓದುವವರಿಗೂ ಅದು ಕಡತವೋ ಗುಂಡಿಯೋ ಎಂಬುದು ಸ್ಪಷ್ಟವಾಯಿತು.

ಹೆಚ್ಚು ದಿನ ಹಿಡಿದದ್ದು ಪ್ರತ್ಯಯಗಳ ಕೆಲಸ. ಒಂದು ನಾಮಪದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ 5 ವಿಭಕ್ತಿ ಪ್ರತ್ಯಯಗಳು, 2 ವಚನಗಳು, ಎಂದರೆ 10 ರೂಪಗಳು. ಅವುಗಳ ಮೇಲೆ ‘ಊ’, ‘ಏ’ ಮತ್ತು ‘ಇರುವ’ ಸೇರಿದರೆ 40. ಒಂದೊಂದನ್ನೂ ಪಟ್ಟಿಗೆ ಸೇರಿಸುತ್ತ ಹೋದರೆ ಮುಗಿಯುವ ಕೆಲಸವಲ್ಲ. ಹನ್‌ಸ್ಪೆಲ್ ಪದದ ಕೊನೆಯಿಂದ ಎರಡು ಪ್ರತ್ಯಯಗಳನ್ನು ಕಳಚಬಲ್ಲದು, ಆದರೆ ‘ಕಡತಗಳಲ್ಲಿಯೂ’ ಎಂಬುದರಲ್ಲಿ ಬಹುವಚನ, ವಿಭಕ್ತಿ, ಊಕಾರ ಎಂದು ಮೂರಿವೆ. ಆದ್ದರಿಂದ ಬಹುವಚನ ಮತ್ತು ವಿಭಕ್ತಿಗಳನ್ನು ಕೂಡಿಸಿ ‘ಗಳನ್ನು’, ‘ಗಳಿಗೆ’, ‘ಗಳಲ್ಲಿ’ ಎಂದು ಒಂದೇ ಪ್ರತ್ಯಯವಾಗಿ ಬರೆದು, ಕೊನೆಯ ಅಂಟುಗಳನ್ನು ಎರಡನೆಯ ಹಂತಕ್ಕೆ ಬಿಟ್ಟೆ. ಪದದ ಕೊನೆಯ ಸ್ವರಕ್ಕೆ ತಕ್ಕಂತೆ ಗುಂಪುಗಳನ್ನು ಮಾಡಿಕೊಂಡೆ: ‘ಕಡತ’ಕ್ಕೆ ವಕಾರ, ದಕಾರಗಳು ಬರುತ್ತವೆ, ‘ಪಟ್ಟಿ’ಗೆ ಯಕಾರ ಬರುತ್ತದೆ, ‘ಸಾಲು’ ಎಂಬುದರ ಉಕಾರವನ್ನು ಕಳಚಿ ‘ಇನಲ್ಲಿ’ ಹಚ್ಚಿದರೆ ‘ಸಾಲಿನಲ್ಲಿ’ ಆಗುತ್ತದೆ. ಶಾಲೆಯಲ್ಲಿ ಕಲಿತ ಆಗಮ, ಲೋಪ ಸಂಧಿಗಳನ್ನೇ ನಾನಿಲ್ಲಿ ಯಂತ್ರಕ್ಕೆ ತಿಳಿಯುವಂತೆ ಬರೆಯುತ್ತಿದ್ದೆ. ಆ ಕೆಲಸ ನನಗೆ ಬಹಳ ಹಿಡಿಸಿತು.

ವ್ಯಂಜನದಿಂದ ಕೊನೆಗೊಳ್ಳುವ ಎರವಲು ಪದಗಳಲ್ಲಿ ಮಾತ್ರ ವ್ಯಾಕರಣಕ್ಕಿಂತ ಮೊದಲು ಒಂದು ತೀರ್ಮಾನ ಬೇಕಾಯಿತು. ನಮ್ಮ ಕೈಪಿಡಿಗಳಲ್ಲಿಯೇ ‘ಸರ್ವರ್‌ನಲ್ಲಿ’, ‘ಸರ್ವರಿನಲ್ಲಿ’, ‘ಸರ್ವರ್ ನಲ್ಲಿ’ ಎಂದು ಮೂರು ಬಗೆಗಳಿದ್ದವು. ಎರಡನೆಯದು ಕನ್ನಡದ ಜಾಯಮಾನಕ್ಕೆ ಹತ್ತಿರ ಎಂದು ನಾನೂ ಒಪ್ಪುತ್ತೇನೆ. ಆದರೂ ಪರದೆಯ ಮೇಲೆ ಕಾಣುವ ಹೆಸರು ಕೈಪಿಡಿಯಲ್ಲಿ ಹಾಗೆಯೇ ಉಳಿಯಬೇಕೆಂದು ಮೊದಲನೆಯದನ್ನು ಮಾತ್ರ ಒಪ್ಪುವ ನಿಯಮ ಬರೆದೆ. ಹೊಸ ಪದಗಳಿಗೆ ಹನ್‌ಸ್ಪೆಲ್‌ನ ಖಾಸಗಿ ಪದಪಟ್ಟಿ ಬಹಳ ಅನುಕೂಲವಾಯಿತು. ‘ಡ್ಯಾಶ್‌ಬೋರ್ಡ್’ ಎಂದು ಬರೆದು, ಓರೆಗೆರೆ ಹಾಕಿ, ಮುಂದೆ ‘ಸರ್ವರ್’ ಎಂದರೆ ಸಾಕು, ಸರ್ವರ್ ಪದದ ವಿಭಕ್ತಿಗಳೆಲ್ಲ ಹೊಸ ಪದಕ್ಕೂ ಸಲ್ಲುತ್ತವೆ. ಪದದ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಪದ ನಿಷಿದ್ಧವಾಗುತ್ತದೆ. ‘ನಲ್ಲಿ’ಗೆ ಮೊದಲ ನಕ್ಷತ್ರ ಬಿತ್ತು. ‘ಕಾಟ’ಕ್ಕೆ ಎರಡನೆಯದು, ಏಕೆಂದರೆ ತೂಕದ ಯಂತ್ರಕ್ಕೆ ನಮ್ಮ ಕಡೆ ‘ಕಾಟಾ’ ಎನ್ನುತ್ತಾರೆ ಮತ್ತು ನಮ್ಮ ಕೈಪಿಡಿಯಲ್ಲಿ ಇನ್ನೊಂದು ಅರ್ಥಕ್ಕೆ ಜಾಗವಿಲ್ಲ.

ಊರಿನ ಹೆಸರುಗಳನ್ನೂ ಇದೇ ಪಟ್ಟಿಯಲ್ಲಿ ಬರೆದೆ. 2014ರ ನವೆಂಬರ್ 1ರಂದು ಬಿಜಾಪುರವು ಅಧಿಕೃತವಾಗಿ ವಿಜಯಪುರವಾದ ಮೇಲೂ ಹಳೆಯ ಹೆಸರು ನಮ್ಮ ಪುಟಗಳಲ್ಲಿ ಉಳಿದಿತ್ತು. ಗೋಕಾಕ, ರಾಯಬಾಗ, ಕಾಗವಾಡ ಎಂದು ಇಲ್ಲಿನವರು ಅಕಾರಾಂತವಾಗಿ ಬರೆಯುತ್ತಾರೆ. ‘ಗೋಕಾಕ್’, ‘ರಾಯಬಾಗ್’ ಎಂಬ ರೂಪಗಳಿಗೆ ನಕ್ಷತ್ರ ಹಾಕಿದೆ.

ತಪ್ಪಾಗಿ ಬರೆಯುವುದೇ ರೂಢಿಯಾಗಿರುವ ಪದಗಳಿಗೆ ಬದಲಿ ಸೂಚನೆಯ ಸಾಲುಗಳಿವೆ. ‘ದೃಢೀಕರಣ’ ಎಂಬ ಒಂದೇ ಪದ ‘ಧೃಡೀಕರಣ’, ‘ದೃಡೀಕರಣ’, ‘ಧೃಢೀಕರಣ’ ಎಂದು ಬರುತ್ತಿತ್ತು, ‘ನೋಂದಣಿ’ ಹಲವೆಡೆ ‘ನೊಂದಣಿ’ಯಾಗಿತ್ತು.

ಇಷ್ಟೆಲ್ಲ ಆದ ಮೇಲೆ ಒಂದು ಕೈಪಿಡಿ ಪರೀಕ್ಷಕದಿಂದ ಒಂದೂ ತಪ್ಪಿಲ್ಲದೆ ಹೊರಬಂದಿತು, ನಾನು ಅದನ್ನು ಅಚ್ಚಿಗೆ ಕಳುಹಿಸಿದೆ. ಕೆಲವು ದಿನಗಳ ಬಳಿಕ ಒಬ್ಬ ಗುಮಾಸ್ತರು ಫೋನ್ ಮಾಡಿ, ರಾತ್ರಿ ಪಾಳಿಯ ನಮೂದುಗಳು ಕಾಣುತ್ತಿಲ್ಲ ಎಂದರು. “ಪಾಳಿ ಮುಗದ ಮ್ಯಾಲೆ ಅಳಿಸಿ ಅಂತ ನೀವ ಬರದೀರಲ್ರಿ ಮೇಡಂ, ಅದಕ್ಕ ಅಳಿಸೇನ್ರಿ” ಎಂದರು. ಪುಸ್ತಕ ತೆಗೆದು ನೋಡಿದರೆ ‘ಉಳಿಸಿ’ ಎಂದಿರಬೇಕಾದಲ್ಲಿ ನಾನೇ ‘ಅಳಿಸಿ’ ಎಂದು ಬರೆದಿದ್ದೆ. ಎರಡೂ ಶುದ್ಧ ಪದಗಳಾದ್ದರಿಂದ ಪರೀಕ್ಷಕಕ್ಕೆ ಹೇಳುವುದೇನೂ ಇರಲಿಲ್ಲ. ತೂಕದ ಚೀಟಿಗಳ ಪ್ರತಿಗಳಿದ್ದುದರಿಂದ ಲೆಕ್ಕವನ್ನು ಮತ್ತೆ ಕಟ್ಟಲಾಯಿತು, ಆದರೆ ಆ ಗುಮಾಸ್ತರು ಒಂದು ಇಡೀ ದಿನ ಅದಕ್ಕೇ ಕುಳಿತರು.

ಆ ಎರಡು ಪದಗಳಿಗೆ ನಕ್ಷತ್ರ ಹಾಕುವಂತಿಲ್ಲ, ಎರಡೂ ಬೇಕು. ಆದ್ದರಿಂದ ಈಗ ಪರೀಕ್ಷೆಯ ಕೊನೆಗೆ ಇನ್ನೊಂದು ಪಟ್ಟಿ ಬರುತ್ತದೆ: ‘ಉಳಿಸು’, ‘ಅಳಿಸು’ಗಳ ಯಾವ ರೂಪವಿದ್ದರೂ ಆ ಸಾಲನ್ನು ಪುಟಸಂಖ್ಯೆಯೊಂದಿಗೆ ಅದು ಎತ್ತಿ ಕೊಡುತ್ತದೆ. ಆ ಸಾಲುಗಳನ್ನು ನಾನು ಓದುವುದಿಲ್ಲ, ಬರೆದವರ ಕಣ್ಣಿಗೆ ತಮ್ಮ ತಪ್ಪು ಬೀಳುವುದಿಲ್ಲ. ತಂತ್ರಾಂಶವನ್ನು ಪರೀಕ್ಷಿಸುವ ಸಹೋದ್ಯೋಗಿಯೊಬ್ಬರು ಪರದೆಯನ್ನು ತೆರೆದಿಟ್ಟುಕೊಂಡು, ಪ್ರತಿ ಸಾಲಿನಂತೆ ಗುಂಡಿ ಒತ್ತಿ ನೋಡಿ, ಅಂಚಿನಲ್ಲಿ ಸಹಿ ಹಾಕುತ್ತಾರೆ. ಸಹಿಯಿಲ್ಲದ ಸಾಲು ಒಂದಿದ್ದರೂ ಕೈಪಿಡಿ ಅಚ್ಚಿಗೆ ಹೋಗುವುದಿಲ್ಲ.